ಬಾಚದೆ ಬಿಟ್ಟದ್ದು

ಅನ್‌ಕೆಂಪ್ಟ್. ಇಂಗ್ಲಿಷಿನ ಈ ಗುಣವಾಚಕಕ್ಕೆ ಮೂಲದಲ್ಲಿ ‘ಬಾಚದ’ ಎಂದಷ್ಟೇ ಅರ್ಥ. ಬಾಚು ಎನ್ನುವ ಹಳೆಯ ಕ್ರಿಯಾಪದ ‘ಕೆಂಬ್’ ಬಹುಮಟ್ಟಿಗೆ ಮರೆಯಾಯಿತು, ಅದರ ನಿಷೇಧರೂಪ ಉಳಿಯಿತು. ಆಮೇಲೆ ತಲೆಯಿಂದ ಗಡ್ಡಕ್ಕೆ, ಬಟ್ಟೆಗೆ, ಕೈತೋಟಕ್ಕೆ ಹಬ್ಬಿತು. ಬಾಚಬೇಕಾದವರು ಬಾಚಲಿಲ್ಲ ಎಂಬ ದೂರು ಅದರೊಳಗೆ ಅಡಗಿದೆ. ನನಗೆ ತೊಡಕಾಗಿರುವುದು ಆ ದೂರು.

ಊರೂರು ಸುತ್ತುವಾಗಲೂ ಈ ಪದ ನನ್ನ ಬೆನ್ನು ಬಿಡಲಿಲ್ಲ. ಶಿಗ್ಗಾಂವಿ ಕಡೆ ಗೋವಿನಜೋಳದ ಹೊಲ, ಸಾಲು ಕಾಣದಷ್ಟು ಕಳೆ. “ಕಸ ಆಗೇತ್ರಿ, ಮಳಿ ಬಿಡವಲ್ದು” ಎಂದರು ರೈತರು. ನೆಲ ಹಸಿಯಿದ್ದರೆ ಎಡೆಕುಂಟೆ ನಡೆಯುವುದಿಲ್ಲ. ಪಕ್ಕದ್ದು ಬಿತ್ತದೇ ಬಿಟ್ಟ ಬೀಳು. ದೂರದಿಂದ ಎರಡೂ ಒಂದೇ. ಆದರೆ ಒಂದರಲ್ಲಿ ಮನುಷ್ಯ ಮುಗಿಲು ನೋಡುತ್ತ ಕಾಯುತ್ತಿದ್ದಾನೆ, ಇನ್ನೊಂದರಲ್ಲಿ ಆಸೆ ಬಿಟ್ಟಿದ್ದಾನೆ. ಇಬ್ಬರ ಮೇಲೂ ಒಂದೇ ವಿಶೇಷಣ ಹೊರಿಸುವುದು ಅನ್ಯಾಯ.

ಹಾನಗಲ್ಲು: ತಾರಕೇಶ್ವರ ಗುಡಿಯ ಛಾವಣಿಯ ಕಮಲ. ಎಸಳೆಸಳೂ ಕಲ್ಲಿನಲ್ಲಿ ತೀಡಿದ್ದು. ಇಲ್ಲಿ ಆ ಪದಕ್ಕೆ ಕೆಲಸವಿಲ್ಲ.

ಸವಣೂರು: ದೊಡ್ಡಹುಣಸೆ ಮರಗಳು. ಆಫ್ರಿಕಾ ಮೂಲದ ಬಾವೋಬಾಬ್. ಕಾಯಿಯ ತಿರುಳು ಹುಳಿ, ಅದಕ್ಕೇ ಈ ಹೆಸರು. ಎಲೆ ಉದುರಿದಾಗ ಕೊಂಬೆಗಳು ಎತ್ತೆತ್ತಲೋ ಚಾಚಿ, ಬೇರು ಮೇಲಾದಂತೆ ಕಾಣುತ್ತವೆ. 2023ರ ಮಳೆಗಾಲದಲ್ಲಿ ಒಂದು ಮರ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಕೆದರಿದ್ದನ್ನು ಕೆದರಿದಂತೆಯೇ ಉಳಿಸಿಕೊಳ್ಳುವ ಅಕ್ಕರೆಯೂ ಉಂಟು.

ಹಿರೇಕೆರೂರು ತಾಲ್ಲೂಕಿನ ಅಬಲೂರು, ಸರ್ವಜ್ಞನ ಹೆಸರಿನೊಂದಿಗೆ ಬೆಸೆದ ಊರು. ಅಲ್ಲಿ ಆ ಪದದ ಹಳೆಯ ಬಳಕೆ ನೆನಪಾಯಿತು: 1579ರಲ್ಲಿ ಸ್ಪೆನ್ಸರ್ ಎಂಬ ಇಂಗ್ಲಿಷ್ ಕವಿ ತನ್ನ ಕುರಿಗಾಹಿಯ ಬಾಯಲ್ಲಿ, ನನ್ನ ಪದ್ಯ ಒರಟು, ಬಾಚದ್ದು ಎಂದು ಹೇಳಿಸಿದ್ದ. ಸರ್ವಜ್ಞನ ಮಾತೂ ಒರಟೇ, ಆದರೆ ತ್ರಿಪದಿಯ ಕಟ್ಟು ಎಷ್ಟು ಬಿಗಿ! ಒರಟುತನವೂ ಅಸ್ತವ್ಯಸ್ತತೆಯೂ ಒಂದೇ ಅಲ್ಲವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ, ತಲೆಯಲ್ಲಿ ಜಡೆಗಟ್ಟಿದ ಕೂದಲು, ಅದಕ್ಕೆ ಭಂಡಾರ. “ಜಡಿ ಬಂದಾವ” ಎನ್ನುತ್ತಾರೆ, ತಾವಾಗಿ ಬಂದವು ಎಂಬಂತೆ. ಎಲ್ಲಮ್ಮನ ಕರೆಯೆಂದು ನಂಬಿ ಕತ್ತರಿ ಮುಟ್ಟಿಸುವುದಿಲ್ಲ. ಕೂದಲು ಗಂಟಾದದ್ದಕ್ಕೇ ಎಷ್ಟೋ ಹುಡುಗಿಯರನ್ನು ದೇವರಿಗೆ ಬಿಟ್ಟರು. ಅದನ್ನು ತಡೆಯುವ ಕಾನೂನು ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಅಜ್ಜಿಯ ನಂಬಿಕೆಯನ್ನು ಹಳಿಯಲಾರೆ. ಆದರೆ ಆ ಹುಡುಗಿಯರ ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುವ ಕೈಯೊಂದು ಆಗ ಬೇಕಿತ್ತು. ಇಂಗ್ಲಿಷ್ ಪದದೊಳಗಿನ ದೂರು ಇಲ್ಲಿ ಮಾತ್ರ ನನಗೆ ನ್ಯಾಯವೆನಿಸುತ್ತದೆ, ಅದೂ ಅವರ ಮೇಲಲ್ಲ, ಸುತ್ತಲಿದ್ದ ದೊಡ್ಡವರ ಮೇಲೆ.