ಜಿಡ್ಡಿನ ಬಾಲ

ಎಣ್ಣೆ ನೀರಲ್ಲಿ ಬೆರೆಯಲ್ಲ ಅನ್ನೋದು ಸಾರು ಉಣ್ಣುವ ಎಲ್ಲರಿಗೂ ಗೊತ್ತು. ನಮ್ಮ ಜೀವಕೋಶಗಳು ಈ ಒಂದು ಸಂಗತಿಯನ್ನೇ ಇಟ್ಟುಕೊಂಡು ಯಾವ ಪ್ರೋಟೀನು ಎಲ್ಲಿರಬೇಕು, ಯಾವಾಗ ಮಾತಾಡಬೇಕು ಅಂತ ತೀರ್ಮಾನ ಮಾಡುತ್ತವೆ.

ರಾಸ್ ಅಂತ ಒಂದು ಪ್ರೋಟೀನಿದೆ. ಅದರ ಕೆಲಸ ಸ್ವಿಚ್ಚಿನದು. ಹೊರಗಿನಿಂದ 'ಬೆಳೆ' ಅನ್ನೋ ಸಂದೇಶ ಬಂದಾಗ ಆನ್ ಆಗುತ್ತೆ, ಮುಂದಕ್ಕೆ ದಾಟಿಸುತ್ತೆ, ಆಮೇಲೆ ಆಫ್ ಆಗುತ್ತೆ. ಆದರೆ ಸಂದೇಶ ಬಂದು ಮುಟ್ಟೋದು ಕೋಶದ ಪೊರೆಗೆ. ಪೊರೆ ಕೊಬ್ಬಿನದು. ರಾಸ್ ತಯಾರಾಗೋದು ಒಳಗಿನ ನೀರು ನೀರಾದ ದ್ರವದಲ್ಲಿ. ಹಾಗಾಗಿ ಒಂದು ಎಂಜೈಮು ಅದರ ಬಾಲಕ್ಕೆ ಫಾರ್ನೆಸಿಲ್ ಅನ್ನೋ 15 ಇಂಗಾಲದ ಜಿಡ್ಡಿನ ಎಳೆ ಅಂಟಿಸುತ್ತೆ. ಆ ಎಳೆ ಪೊರೆಯ ಕೊಬ್ಬಿಗೆ ನಾಟಿಕೊಳ್ಳುತ್ತೆ, ಸ್ವಿಚ್ಚು ಗೋಡೆಗೆ ಕೂರುತ್ತೆ. ಕೆಲವು ರಾಸ್‌ಗಳಿಗೆ ಪಾಮಿಟೇಟ್ ಅನ್ನೋ ಇನ್ನೊಂದು ಎಳೆಯೂ ಉಂಟು. ಅದನ್ನು ಹಾಕಬಹುದು, ಬಿಚ್ಚಬಹುದು. ಹಾಕಿದರೆ ಪೊರೆಗೆ, ಬಿಚ್ಚಿದರೆ ವಾಪಸ್ಸು. ಫಾರ್ನೆಸಿಲ್ ಹಾಗಲ್ಲ, ಅಂಟಿದರೆ ಅಂಟಿತು.

ಇದನ್ನೆಲ್ಲ ನಾನು ಓದೋಕೆ ಕಾರಣ ನನ್ನ ಸೋದರಮಾವ. ಅವರ ಕರುಳಿನ ಕ್ಯಾನ್ಸರಿನ ರಿಪೋರ್ಟು ವಾಟ್ಸಾಪಿಗೆ ಬಂತು. 'ಕೆ-ರಾಸ್ ಮ್ಯುಟೇಶನ್ ಇದೆ' ಅಂತ ಅದರಲ್ಲೊಂದು ಸಾಲು. "ನೀನು ಓದಿದೋನು, ಏನಂತ ನೋಡಿ ಹೇಳು" ಅಂದರು. ಊರಿನವರ ಲೆಕ್ಕದಲ್ಲಿ ಬಿಇ ಅಂದರೆ ಎಲ್ಲ ಓದಿದಂಗೆ! ಕೂತು ಓದಿದೆ. ಮ್ಯುಟೇಶನ್ ಆದ ರಾಸ್ ಆನ್ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತೆ, ಕೋಶ ಬೆಳೀತಾನೇ ಇರುತ್ತೆ. 1982ರಲ್ಲೇ ಮೂತ್ರಕೋಶದ ಗಡ್ಡೆಯೊಂದರಲ್ಲಿ ಈ ಕುಟುಂಬದ ಜೀನಿನ ಒಂದೇ ಒಂದು ಅಕ್ಷರ ಬದಲಾಗಿದ್ದು ಪತ್ತೆಯಾಗಿತ್ತು.

"ಅಷ್ಟು ವರ್ಷದ ಹಿಂದೆ ಗೊತ್ತಾಗಿದ್ದರೆ ಔಷಧ ಯಾಕಿಲ್ಲ?" ಅಂತ ಮಾವ ಕೇಳಿದ್ದು ನ್ಯಾಯವಾದ ಪ್ರಶ್ನೆ. ಪ್ರಯತ್ನವೇನೋ ನಡೆದಿತ್ತು. ಸ್ವಿಚ್ಚು ಆಫ್ ಆಗದಿದ್ದರೆ ಬೇಡ, ಗೋಡೆಗೇ ಕೂರದಂತೆ ಮಾಡೋಣ ಅಂತ 1990ರ ದಶಕದಲ್ಲಿ ಫಾರ್ನೆಸಿಲ್ ಅಂಟಿಸುವ ಎಂಜೈಮನ್ನು ತಡೆಯುವ ಮಾತ್ರೆಗಳು ಬಂದವು. ಇಲಿಗಳಲ್ಲಿ ಗಡ್ಡೆ ಕುಗ್ಗಿತು. ಪ್ಯಾಂಕ್ರಿಯಾಸ್, ಕರುಳಿನ ಕ್ಯಾನ್ಸರಿನ ರೋಗಿಗಳಲ್ಲಿ ಏನೂ ಆಗಲಿಲ್ಲ. ಯಾಕಂದರೆ ಫಾರ್ನೆಸಿಲ್ ಸಿಗದಿದ್ದಾಗ ಇನ್ನೊಂದು ಎಂಜೈಮು ಬಂದು ಕೆ-ರಾಸ್‌ಗೆ 20 ಇಂಗಾಲದ ಬೇರೆ ಎಳೆ ಅಂಟಿಸಿಬಿಡುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ ಫೇಲ್‌ಓವರ್. ಒಂದು ಸರ್ವರ್ ಬಿದ್ದರೆ ಇನ್ನೊಂದು ಏಳಬೇಕು ಅಂತ ನಾವು ರಾತ್ರಿಯೆಲ್ಲ ಕೂತು ಕಟ್ಟೋದನ್ನು ಕೋಶ ಮೊದಲೇ ಕಟ್ಟಿಟ್ಟುಕೊಂಡಿದೆ. ಕೆ-ರಾಸ್ ಅನ್ನೇ ನೇರವಾಗಿ ಹಿಡಿಯುವ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಅದೂ ಒಂದು ಬಗೆಯ ಮ್ಯುಟೇಶನ್‌ಗೆ ಮಾತ್ರ, ಶ್ವಾಸಕೋಶದ ಕ್ಯಾನ್ಸರಿಗೆ. ಮಾವನ ಮ್ಯುಟೇಶನ್ ಆ ಬಗೆಯದಲ್ಲ. ಸದ್ಯಕ್ಕೆ ಆ ಸಾಲಿನಿಂದಾದ ಉಪಯೋಗ ಇಷ್ಟು: ಅವರಿಗೆ ಕೆಲಸ ಮಾಡದ ಒಂದು ದುಬಾರಿ ಇಂಜೆಕ್ಷನ್ನನ್ನು ಡಾಕ್ಟರು ಬರೆಯಲಿಲ್ಲ. ಕೀಮೋ ನಡೀತಿದೆ.

ಸೋತ ಆ ಮಾತ್ರೆಗಳು ಮಾತ್ರ ಪೂರ್ತಿ ಕಸದ ಬುಟ್ಟಿಗೆ ಹೋಗಲಿಲ್ಲ. ಪ್ರೊಜೀರಿಯಾ ಅಂತ ಅಪರೂಪದ ಕಾಯಿಲೆ, ಮಕ್ಕಳು ಎಳೆ ವಯಸ್ಸಿನಲ್ಲೇ ಮುದುಕರಂತಾಗುತ್ತಾರೆ. ಸರಾಸರಿ ಆಯಸ್ಸು ಹದಿನಾಲ್ಕೂವರೆ ವರ್ಷ. 2003ರಲ್ಲಿ ಅದರ ಕಾರಣ ಸಿಕ್ಕಿತು. ಅಲ್ಲೂ ಸಾಮಾನ್ಯವಾಗಿ ಒಂದೇ ಅಕ್ಷರದ ತಪ್ಪು, ಅಲ್ಲೂ ಫಾರ್ನೆಸಿಲ್ ಬಾಲ. ಕೋಶಕೇಂದ್ರದ ಲ್ಯಾಮಿನ್ ಪ್ರೋಟೀನಿಗೆ ಅಂಟಿದ ಬಾಲ ಆಮೇಲೆ ಕತ್ತರಿಸಿ ಹೋಗಬೇಕು. ಈ ಮಕ್ಕಳಲ್ಲಿ ಹೋಗಲ್ಲ, ಪ್ರೋಟೀನು ಕೇಂದ್ರದ ಪೊರೆಗೇ ಅಂಟಿಕೊಂಡು ಅದನ್ನು ಕೆಡಿಸುತ್ತೆ. ಹಾಗಾದರೆ ಬಾಲ ಅಂಟದಂತೆ ಮಾಡುವ ಹಳೇ ಮಾತ್ರೆ ಕೊಟ್ಟರೆ? ಕ್ಯಾನ್ಸರಿಗೆಂದು ಮಾಡಿದ್ದ ಲೋನಾಫಾರ್ನಿಬ್‌ಗೆ 2020ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಪ್ರೊಜೀರಿಯಾಕ್ಕಾಗಿ ಒಪ್ಪಿಗೆ ಕೊಟ್ಟಿತು. ಕಾಯಿಲೆ ವಾಸಿಯಾಗಲ್ಲ. ದೀರ್ಘಕಾಲ ಗಮನಿಸಿದಾಗ ಆಯಸ್ಸು ಸರಾಸರಿ ಎರಡೂವರೆ ವರ್ಷ ಹೆಚ್ಚಿತ್ತು. ಹದಿನಾಲ್ಕರ ಮಗುವಿಗೆ ಅದು ಹೈಸ್ಕೂಲು ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತುವಷ್ಟು ಸಮಯ.