ಕೋಡಿಯಿಲ್ಲದ ಕಿಟಕಿ

ಮುಂಬಯಿಯ ಮಳೆ ಕಂಡವರಿಗೆ ಬೇರೆ ಊರಿನ ಮಳೆ ಮಳೆಯೇ ಅಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿಯಿತು. ನನ್ನ ಮಗನಿರುವ ಅಮೆರಿಕದ ಸಿಯಾಟಲ್ ನಗರಕ್ಕೆ ವರ್ಷವಿಡೀ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಹಾಳುಮಾಡುವುದರಲ್ಲಿ ಅಲ್ಲಿಯ ಸೋನೆ ನಮ್ಮ ಜಡಿಮಳೆಗಿಂತ ಒಂದು ಕೈ ಮೇಲೆಂಬುದು ಅಲ್ಲಿಗೆ ಹೋದಾಗಲೇ ತಿಳಿದದ್ದು. ನಮ್ಮಲ್ಲಿ ಸೋರಿದರೆ ಕೂಡಲೇ ಪಾತ್ರೆ ಇಡುತ್ತೇವೆ. ಅಲ್ಲಿ ನೀರು ಸದ್ದಿಲ್ಲದೆ ಗೋಡೆಯೊಳಗೆ ಬಿಡಾರ ಹೂಡುತ್ತದೆ.

ಮಗ-ಸೊಸೆ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಮೋಟಾರ್ ಹೋಮ್ ಕೊಂಡಿದ್ದರು. ಅಡಿಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಚಕ್ರದ ಮನೆ. ಅದರ ಗೋಡೆಯೆಂದರೆ ಹೊರಗೆ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಮರದ ಚೌಕಟ್ಟು. ಕಿಟಕಿ, ಬಾಗಿಲು, ಗಾಳಿಗಂಡಿ, ದೀಪ ಎಂದು ಅದಕ್ಕೆ ಕೊರೆದ ಒಂದೊಂದು ತೂತೂ ನೀರಿಗೆ ಹೆಬ್ಬಾಗಿಲೇ. ಮೊಮ್ಮಗಳು ಮಲಗುವ ಮೂಲೆಯಲ್ಲಿ ಮುಗ್ಗಲು ವಾಸನೆ. ಕಿಟಕಿಯ ಕೆಳಗೆ ಬೆರಳಿಂದ ಒತ್ತಿದರೆ ಗೋಡೆ ಬನ್ನಿನಂತೆ ತಗ್ಗಿತು. ಮಾರಿದವನು ಅಂಚಿನ ಸುತ್ತ ಸಿಲಿಕೋನ್ ಮೆತ್ತಿ ಎಲ್ಲವನ್ನೂ ಮರೆಮಾಡಿದ್ದ.

"ನಾವೂ ಇನ್ನೊಂದು ಸುತ್ತು ಮೆತ್ತಿ ಮಾರಿಬಿಡೋಣ, ಅಪ್ಪ" ಎಂದ ಮಗ.

"ಕೊಂಡವರ ಮಗೂನೂ ಇಲ್ಲೇ ಮಲಗುತ್ತಲ್ಲ, ಮಾವ?" ಎಂದಳು ಸೊಸೆ.

ಅಲ್ಲಿಗೆ ವಾದ ಮುಗಿಯಿತು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಸ್ಕ್ರೂ ತಿರುಗಿಸಿದ ಕೈಗೆ ಕೆಲಸ ಸಿಕ್ಕಿತು.

ಒಳಗಿನ ಸ್ಕ್ರೂಗಳನ್ನು ಬಿಚ್ಚಿ ಕಿಟಕಿಯನ್ನು ಇಡಿಯಾಗಿ ಹೊರಕ್ಕೆ ತೆಗೆದೆವು. ಕೆಳಗಿನ ಮರ ನಶ್ಯದಂತೆ ಉದುರಿತು. ಅಷ್ಟನ್ನು ಕತ್ತರಿಸಿ ಹೊಸದು ಕೂರಿಸಿದೆವು. ಹಳೆಯ ಸಿಲಿಕೋನನ್ನು ಹೆರೆದು ತೆಗೆಯಲು ಒಂದು ಇಡೀ ದಿನ. ಅದರ ಪಸೆ ಉಳಿದರೆ ಬೇರಾವ ಅಂಟೂ ಹಿಡಿಯದು. ಸ್ಪಿರಿಟ್ಟಿನಿಂದ ಒರೆಸಿ, ಕಿಟಕಿಯ ಅಂಚಿಗೆ ಬ್ಯೂಟೈಲ್ ಟೇಪನ್ನು, ಕಡುಬಿನ ಅಂಚು ಒತ್ತುವಂತೆ, ಸುತ್ತ ಒತ್ತಿದೆವು. ಟೇಪಿನ ಎರಡು ತುದಿ ಸೇರುವುದು ಕೆಳಗಡೆಯೇ ಇರಬೇಕು, ಮೇಲಲ್ಲ. ಸ್ಕ್ರೂಗಳನ್ನು ಒಂದೇ ಕಡೆ ಬಿಗಿಯದೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಕೊನೆಗೆ ಕಂಡದ್ದೇ ಮುಖ್ಯ ಸಂಗತಿ. ಕಿಟಕಿಯ ಚೌಕಟ್ಟಿನ ಕೆಳಗೆ ಎರಡು ಸಣ್ಣ ತೂತುಗಳಿರುತ್ತವೆ. ಗಾಜಿನ ಹಳಿಯೊಳಗೆ ಇಳಿದ ನೀರು ಹೊರಕ್ಕೆ ಹೋಗಲೆಂದೇ ಮಾಡಿದವು. ಹಳೆಯ ಯಜಮಾನ ಸೋರಿಕೆಗೆ ಹೆದರಿ ಅವನ್ನೂ ಮುಚ್ಚಿದ್ದ! ದಾರಿ ತಪ್ಪಿದ ನೀರು ಗೋಡೆಗೆ ನುಗ್ಗಿತ್ತು. ಕೆರೆ ಕಟ್ಟಿದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು: ಎಷ್ಟೇ ಗಟ್ಟಿ ಏರಿ ಹಾಕಿದರೂ ಕೋಡಿ ಬಿಡಲೇಬೇಕು, ಇಲ್ಲವಾದರೆ ಏರಿಯೇ ಹೋಗುತ್ತದೆ.

ಗಾಡಿ ಇನ್ನೂ ಮಗನ ಬಳಿಯೇ ಇದೆ. ಆರು ತಿಂಗಳಿಗೊಮ್ಮೆ ಅಂಚುಗಳನ್ನು ಒತ್ತಿ ನೋಡುವ ಕೆಲಸ ಸೊಸೆಯದು.

ನಮ್ಮ ಫ್ಲಾಟುಗಳ ಜಾರುಕಿಟಕಿಗಳ ಹಳಿಯಲ್ಲೂ ಇಂಥ ತೂತುಗಳಿವೆ. ವರ್ಷದ ಧೂಳು, ಪಾರಿವಾಳದ ಗರಿ ಸೇರಿ ಅವು ಕಟ್ಟಿಕೊಂಡಿರುತ್ತವೆ. ಜೂನ್ ಬರುವ ಮುನ್ನ ಒಂದು ಹಂಚಿಕಡ್ಡಿ ಆಡಿಸಿ, ಒಂದು ಲೋಟ ನೀರು ಹೊಯ್ದು ನೋಡಿ. ನೀರು ಹೊರಗೆ ಹೋಯಿತೆಂದರೆ ಆ ಮಳೆಗಾಲ ನೆಮ್ಮದಿ.