ಕಲ್ಲು ಹತ್ತೋಕೂ ಹಗ್ಗ ಬೇಕೇನ್ರಪ್ಪಾ?

ನಮ್ಮ ಕಡೆ ಬಂಡೆ ಹತ್ತುವುದು ಅಂದರೆ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಕೋತಿರಾಜ್. ಜಗಳೂರಿಗೆ ಚಿತ್ರದುರ್ಗ ದೂರವೇನಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಜಗಳೂರು ಅದೇ ಜಿಲ್ಲೆಯಲ್ಲಿತ್ತು. ಶಾಲೆಯ ಪ್ರವಾಸಕ್ಕೆ ದುರ್ಗದ ಕೋಟೆಗೆ ಹೋದ ಎಷ್ಟೋ ಮಕ್ಕಳು ಜ್ಯೋತಿರಾಜ್ ಅವರು ಬರಿಗೈಯಲ್ಲಿ ಕೋಟೆಗೋಡೆ ಏರುವುದನ್ನು ಬಾಯಿಬಿಟ್ಟುಕೊಂಡು ನೋಡಿದ್ದಾರೆ. ಆವತ್ತಿನಿಂದ ಮನಸ್ಸಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ: ಬಂಡೆ ಹತ್ತುವುದು ಅಂದರೆ ಧೈರ್ಯ, ಧೈರ್ಯ ಅಂದರೆ ಹಗ್ಗ ಇಲ್ಲದೆ ಹತ್ತುವುದು.

ಅದಕ್ಕೇ ನಾವು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತುತ್ತೇವೆ ಅಂದರೆ ಊರಲ್ಲಿ ನಗುತ್ತಾರೆ. "ಹಗ್ಗ ಇದ್ರೆ ಅದೇನ್ ಮಹಾ? ನಮ್ಮ ಎಮ್ಮೆನೂ ಹತ್ತುತ್ತೆ" ಅಂದ ಅಜ್ಜನೂ ಇದ್ದಾರೆ.

ನಾವು ಐದು ಜನ. ಚನ್ನಗಿರಿ ಕಡೆಯವರು ಇಬ್ಬರು, ಹೊನ್ನಾಳಿ, ನ್ಯಾಮತಿ, ಜಗಳೂರಿನವರು ಒಬ್ಬೊಬ್ಬರು. ಐವರಲ್ಲಿ ಇಬ್ಬರು ಹುಡುಗಿಯರು. ಪತ್ರಿಕೋದ್ಯಮ ಓದುವಾಗ ಜೊತೆಯಲ್ಲಿದ್ದವರು. ಎರಡು ಚಳಿಗಾಲದಿಂದ ಬಿಡುವು ಸಿಕ್ಕಾಗ ಬಂಡೆ ಹತ್ತುವುದನ್ನು ಕಲಿಯುತ್ತಿದ್ದೇವೆ. ಪರ್ವತ ಏರುವ ಆಸೆ ಯಾರಿಗೂ ಇಲ್ಲ, ಕ್ರಿಕೆಟ್ ಆಡುವವರು ಆಡುವ ಹಾಗೆ ಒಂದು ಹವ್ಯಾಸ, ಅಷ್ಟೇ. ಕಲಿಯಲು ಬದಾಮಿಗೆ ಹೋದೆವು. ಹರಿಹರದಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬದಲಿಸಿದರೆ ಬದಾಮಿ. ಅಲ್ಲಿನ ಕೆಂಪು ಮರಳುಗಲ್ಲಿನ ಗೋಡೆಗಳಿಗೆ ದೇಶ ವಿದೇಶದಿಂದ ಹತ್ತುವವರು ಬರುತ್ತಾರೆ. ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಲ್ಲಿ ರಾಜ್ಯದ ಸಾಹಸ ಅಕಾಡೆಮಿ ಇದೆಯಲ್ಲ, ಅವರೂ ಬದಾಮಿಯಲ್ಲಿ ತರಬೇತಿ ನಡೆಸುತ್ತಾರೆ.

ಮೊದಲ ದಿನ ಬೆಳಿಗ್ಗೆ ಬಂಡೆ ಮುಟ್ಟಲಿಕ್ಕೇ ಬಿಡಲಿಲ್ಲ. ನೆರಳಲ್ಲಿ ಕೂರಿಸಿ ಗಂಟು ಹಾಕಿಸಿದರು. ಎಂಟರ ಅಂಕಿಯ ಹಾಗೆ ಕಾಣುವ ಗಂಟು. ಹಾಕು, ಬಿಚ್ಚು, ಕಣ್ಣು ಮುಚ್ಚಿಕೊಂಡು ಹಾಕು, ಪಕ್ಕದವರ ಗಂಟು ನೋಡು. ನಮಗೆ ಬೇಜಾರು. ಇಷ್ಟು ದೂರ ಬಂದಿದ್ದು ದನ ಕಟ್ಟುವುದನ್ನು ಕಲಿಯಲಿಕ್ಕಾ ಅಂತ.

ಮಧ್ಯಾಹ್ನದ ಹೊತ್ತಿಗೆ ವಿಷಯ ಅರ್ಥವಾಯಿತು. ನಿಮಗೂ ಸುಲಭವಾಗಿ ಹೇಳಬಹುದು, ಯಾಕೆಂದರೆ ಬಾವಿಯ ರಾಟೆ ನೀವು ನೋಡಿದ್ದೀರಿ. ಹೊಸಬರು ಹತ್ತುವಾಗ ಹಗ್ಗ ಮೊದಲೇ ಮೇಲೆ ಹೋಗಿರುತ್ತದೆ. ಬಂಡೆ ಕೊರೆದು ಕೂರಿಸಿದ ಬೋಲ್ಟುಗಳಿಗೆ ಕೊಂಡಿ ಹಾಕಿ, ಅದರೊಳಗಿಂದ ಹಗ್ಗ ತೂರಿಸಿ ಎರಡೂ ತುದಿ ಕೆಳಗೆ ಬಿಟ್ಟಿರುತ್ತಾರೆ. ಒಂದು ತುದಿ ಹತ್ತುವವರ ಸೊಂಟದ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ. ಇನ್ನೊಂದು ತುದಿ ಕೆಳಗೆ ನಿಂತವರ ಹಾರ್ನೆಸ್‌ನಲ್ಲಿರುವ ಒಂದು ಸಣ್ಣ ಲೋಹದ ಉಪಕರಣದ ಮೂಲಕ ಅವರ ಕೈಗೆ. ಮೇಲಿನವರು ಒಂದು ಹೆಜ್ಜೆ ಏರಿದರೆ ಕೆಳಗಿನವರು ಅಷ್ಟು ಹಗ್ಗ ಎಳೆದುಕೊಳ್ಳಬೇಕು. ಜಾರಿದರೆ ಹಗ್ಗ ಬಿಗಿ ಹಿಡಿಯಬೇಕು. ಉಪಕರಣದಲ್ಲಿ ಹಗ್ಗ ಮಡಚಿ ಕಚ್ಚಿಕೊಳ್ಳುತ್ತದೆ, ಹಾಗಾಗಿ 50 ಕೆಜಿ ತೂಕದವರು 70 ಕೆಜಿಯವರನ್ನು ತಡೆಯಬಹುದು. ಈ ಕೆಲಸಕ್ಕೆ ಬಿಲೇ ಅನ್ನುತ್ತಾರೆ.

ಒಂದೇ ನಿಯಮ: ಕೆಳಗಿನ ಕೈ ಯಾವತ್ತೂ ಹಗ್ಗ ಬಿಡುವ ಹಾಗಿಲ್ಲ. ಮೂಗು ತುರಿಸಿದರೂ ಇಲ್ಲ, ಫೋನು ಬಂದರೂ ಇಲ್ಲ.

ನಮ್ಮ ಊರುಗಳಲ್ಲಿ ಬಾವಿಯ ಹೂಳು ತೆಗೆಯಲು ಇಳಿಯುವವರು ಮೇಲೆ ಹಗ್ಗ ಯಾರು ಹಿಡಿಯುತ್ತಾರೆ ಅಂತ ನೋಡಿಯೇ ಇಳಿಯುತ್ತಿದ್ದರು. ಕುಡಿದು ಬಂದವನ ಕೈಗೆ, ಜಗಳವಾಡಿದವನ ಕೈಗೆ ಕೊಡುತ್ತಿರಲಿಲ್ಲ. ಇಲ್ಲಿಯೂ ಅದೇ ಲೆಕ್ಕ. ಇದು ಒಬ್ಬರೇ ಆಡುವ ಆಟವಲ್ಲ, ಇಬ್ಬರ ಆಟ. ವಿಡಿಯೋದಲ್ಲಿ ಮೇಲಿರುವವರು ಮಾತ್ರ ಕಾಣುತ್ತಾರೆ, ಹಗ್ಗ ಹಿಡಿದವರು ಕಾಣುವುದೇ ಇಲ್ಲ.

ಮೂರನೇ ದಿನ ನಮ್ಮನ್ನು ಎರಡಾಳೆತ್ತರ ಹತ್ತಿಸಿ, "ಈಗ ಕೈ ಬಿಡಿ" ಅಂದರು. ಹಗ್ಗ ಇದೆ ಅಂತ ಗೊತ್ತು, ಕೆಳಗೆ ಹಿಡಿದವರೂ ಗೊತ್ತು. ಆದರೂ ಬೆರಳು ಬಿಡುವುದಿಲ್ಲ. ನ್ಯಾಮತಿಯವನು ಐದು ನಿಮಿಷ ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದ. ಕೊನೆಗೆ ಬಿಟ್ಟ. ಒಂದು ಮೊಳ ಕೆಳಗೆ ಬಂದು ಜೋಲಿಯಲ್ಲಿ ಕೂತ ಹಾಗೆ ಕೂತುಬಿಟ್ಟ, ಅಷ್ಟೇ. ಆಮೇಲೆ ಅವನ ಹತ್ತುವಿಕೆಯೇ ಬದಲಾಯಿತು. ಬಿದ್ದರೆ ಏನಾಗುತ್ತದೆ ಅಂತ ಗೊತ್ತಾದ ಮೇಲೆ ಕಾಲಿನ ಕಡೆ ಗಮನ ಕೊಡಲು ಮನಸ್ಸಿಗೆ ಜಾಗ ಸಿಗುತ್ತದೆ.

ಹಗ್ಗದ ವಿಷಯ ಇಲ್ಲಿ ಹೇಳಿಬಿಡಬೇಕು, ಯಾಕೆಂದರೆ ಊರಿಗೆ ಬಂದ ಕೂಡಲೇ ಹುಡುಗರು ಬೋರ್‌ವೆಲ್ ಮೋಟರ್ ಇಳಿಸುವ ಹಗ್ಗ ಹೊತ್ತು ತಂದರು. "ಅಣ್ಣಾ, ಇದು ಅಷ್ಟು ಭಾರದ ಮೋಟರನ್ನೇ ಹಿಡಿಯುತ್ತೆ, ನಮ್ಮನ್ನು ಹಿಡಿಯಲ್ವಾ?" ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಮೋಟರ್ ನಿಧಾನ ಇಳಿಯುತ್ತದೆ, ಮನುಷ್ಯ ಬೀಳುತ್ತಾನೆ. ಬಿದ್ದ ದೇಹವನ್ನು ಎಳೆಯದ ಹಗ್ಗ ಗಕ್ಕನೆ ತಡೆದರೆ ಹಗ್ಗ ಉಳಿಯಬಹುದು, ಬೆನ್ನುಮೂಳೆ ಉಳಿಯುವುದಿಲ್ಲ. ಹತ್ತಲೆಂದೇ ಮಾಡಿದ ಹಗ್ಗ ಬಿದ್ದಾಗ ಸ್ವಲ್ಪ ಹಿಗ್ಗಿ ಪೆಟ್ಟನ್ನು ತಾನು ನುಂಗುತ್ತದೆ. ಕಿರುಬೆರಳಿನಷ್ಟೇ ದಪ್ಪ, ಆದರೆ ಒಳಗೆ ನೈಲಾನ್ ಎಳೆಗಳ ನೇಯ್ಗೆಯೇ ಬೇರೆ. ಕೊಂಡಿಗಳೂ ಅಷ್ಟೇ. ಅಸಲಿ ಕ್ಯಾರಾಬಿನರ್ ಮೇಲೆ ಎಷ್ಟು ಬಲ ತಡೆಯುತ್ತದೆ ಅಂತ ಕೊರೆದಿರುತ್ತಾರೆ. 22 ಕಿಲೋನ್ಯೂಟನ್ ಅಂತಿದ್ದರೆ ಸುಮಾರು 2,200 ಕೆಜಿ ತೂಕದಷ್ಟು. ಜಾತ್ರೆಯಲ್ಲಿ ಕೀಲಿ ಗೊಂಚಲಿಗೆ ಸಿಗುವ ಕೊಂಡಿಯೂ ನೋಡಲು ಹಾಗೇ ಇರುತ್ತದೆ. ಅದು ಕೀಲಿಗೆ ಮಾತ್ರ.

ಹತ್ತುವ ವಿದ್ಯೆಗೆ ಬಂದರೆ, ಎಲ್ಲರೂ ತೋಳಿನ ಬಲ ಬೇಕು ಅಂದುಕೊಳ್ಳುತ್ತಾರೆ. ಜಿಮ್‌ಗೆ ಹೋಗುವ ಹೊನ್ನಾಳಿಯವನು ಮೊದಲ ದಿನ ತೋಳಲ್ಲೇ ಎಳೆದುಕೊಂಡು ಏರಿದ. ಅರ್ಧಕ್ಕೆ ಅವನ ಮುಂಗೈ ಬಿಗಿದು ಕಲ್ಲಾಗಿ, ನೀರಿನ ಬಾಟಲಿ ತೆರೆಯಲೂ ಆಗಲಿಲ್ಲ. ಜಗಳೂರಿನ ಹುಡುಗಿ ಅವನಿಗಿಂತ ಮೇಲೆ ಹೋದಳು. ತಲೆಯ ಮೇಲೆ ಕೊಡ ಹೊತ್ತು ನಡೆದು ಅಭ್ಯಾಸವಿದ್ದವಳು, ತೂಕ ಎಲ್ಲಿದೆ ಅಂತ ಅವಳ ಕಾಲಿಗೆ ಗೊತ್ತು. ಕಾಲು ತಳ್ಳಬೇಕು, ಕೈ ಬರೀ ಹಿಡಿದಿರಬೇಕು, ಸೊಂಟ ಬಂಡೆಗೆ ಹತ್ತಿರ ಇರಬೇಕು. ಎರಡು ಕೈ ಎರಡು ಕಾಲಲ್ಲಿ ಮೂರು ಗಟ್ಟಿಯಾಗಿದ್ದರೆ ಮಾತ್ರ ನಾಲ್ಕನೆಯದನ್ನು ಸರಿಸಬೇಕು.

ಇದನ್ನು ಕೇಳಿ ಚನ್ನಗಿರಿಯ ಅಡಿಕೆ ತೋಟದವರು ನಕ್ಕರೆ ತಪ್ಪಿಲ್ಲ. ಪಾದಕ್ಕೆ ಹಗ್ಗದ ಕುಣಿಕೆ ಹಾಕಿ ಮರ ಏರುವವರಿಗೆ ಇದು ಹುಟ್ಟಿನಿಂದ ಗೊತ್ತು. ಈಗ ದೋಟಿ ಬಂದು ನೆಲದ ಮೇಲೆ ನಿಂತೇ ಗೊನೆ ಇಳಿಸುವುದು ಹೆಚ್ಚಾಗಿದೆ. ಆದರೂ ಮರ ಏರುವವರು ಇದ್ದಾರೆ, ಬೀಳುವವರೂ ಇದ್ದಾರೆ.

ನಮ್ಮಲ್ಲೊಬ್ಬನ ಚಿಕ್ಕಪ್ಪ ಹಾಗೆ ಬಿದ್ದವರು. ಮಳೆಗಾಲದಲ್ಲಿ ಔಷಧಿ ಹೊಡೆಯಲು ಏರಿದ್ದರು. ಪಾಚಿ ಹಿಡಿದ ಮರ ಜಾರಿತು. ಎಂಟು ತಿಂಗಳು ಹಾಸಿಗೆ ಹಿಡಿದರು, ಈಗ ಕೋಲು ಹಿಡಿದು ನಡೆಯುತ್ತಾರೆ. ನಾವು ಬದಾಮಿಯಿಂದ ಬಂದ ಸಂಜೆ ಮನೆಯವರೆಲ್ಲ ನಮ್ಮ ಸಾಮಾನು ನೋಡಿ ತಮಾಷೆ ಮಾಡುತ್ತಿದ್ದರು. ಚಿಕ್ಕಪ್ಪ ಮಾತ್ರ ಹಾರ್ನೆಸ್ ಕೈಗೆ ತೆಗೆದುಕೊಂಡು ಸುಮ್ಮನೆ ತಿರುಗಿಸಿ ನೋಡಿದರು. ಹೊಲಿಗೆ ಎಳೆದು ನೋಡಿದರು. "ಇದಕ್ಕೆಷ್ಟು?" ಅಂದರು. ಹೇಳಿದೆವು. "ನಂದು ಆಸ್ಪತ್ರೇಲಿ ಒಂದಿನದ ಖರ್ಚು ಇಷ್ಟಕ್ಕಿಂತ ಜಾಸ್ತಿ ಆಗಿತ್ತು" ಅಂದರು. ಆಮೇಲೆ, "ಇದು ಮರಕ್ಕೂ ಆಗುತ್ತೇನೋ ತಮ್ಮಾ?" ಅಂತ ಕೇಳಿದರು.

ಆಗುವುದಿಲ್ಲ. ಬಂಡೆಗೆ ಹಗ್ಗ ಮೇಲಿಂದ ಬರುತ್ತದೆ, ಅಡಿಕೆ ಮರಕ್ಕೆ ಮೇಲೆ ಕಟ್ಟಲು ಏನಿದೆ? ಮರಕ್ಕೆ ಬೇರೆ ಬಗೆಯ ಪಟ್ಟಿ ಬೇಕು, ಕಾಂಡವನ್ನೇ ಸುತ್ತಿ ಬರುವಂಥದ್ದು. ಅದೂ ಸಿಗುತ್ತದೆ. ಆದರೆ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟಿ ದಿನಕ್ಕೆ ಅಷ್ಟೊಂದು ಮರ ಮುಗಿಸುವವರಿಗೆ ಪ್ರತಿ ಮರದಲ್ಲೂ ಬಿಚ್ಚಿ ಕಟ್ಟುವ ಹೊತ್ತಿಗೆ ಕೂಲಿ ಯಾರು ಕೊಡುತ್ತಾರೆ? ಚಿಕ್ಕಪ್ಪ ಅದನ್ನೇ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ, ತೋಟದ ಯಜಮಾನರೇ ಹೇಳಬೇಕು. ನಾವು ಖುಷಿಗೆ ಹತ್ತುವಾಗ ಸೊಂಟಕ್ಕೆ ಹೆಲ್ಮೆಟ್ಟಿಗೆ ಅಷ್ಟು ಖರ್ಚು ಮಾಡುತ್ತೇವೆ, ಹೊಟ್ಟೆಪಾಡಿಗೆ ಹತ್ತುವವರ ಸೊಂಟದಲ್ಲಿ ಟವೆಲ್ ಬಿಟ್ಟರೆ ಏನಿಲ್ಲ. ಈ ಮಾತು ಆ ಸಂಜೆಯಿಂದ ನಮ್ಮ ಜೊತೆಗೇ ಇದೆ.

ಊರಿನ ಹುಡುಗರ ಮುಂದಿನ ಪ್ರಶ್ನೆ: ನಮ್ಮಲ್ಲೇ ಗುಡ್ಡ ಇಲ್ವಾ, ಬದಾಮಿ ಯಾಕೆ? ಗುಡ್ಡ ಬೇಕಾದಷ್ಟಿವೆ. ಆದರೆ ಎಲ್ಲ ಕಲ್ಲೂ ಒಂದೇ ಅಲ್ಲ. ಚಿತ್ರದುರ್ಗದ ಬಂಡೆ ಗಟ್ಟಿ ಗ್ರಾನೈಟ್, 250 ಕೋಟಿ ವರ್ಷಕ್ಕೂ ಹಳೆಯದು. ಚನ್ನಗಿರಿ, ನ್ಯಾಮತಿ ಕಡೆ ಬಹಳ ಗುಡ್ಡಗಳಲ್ಲಿ ಇರುವುದು ಪದರುಪದರಾದ ಕಲ್ಲು, ಹಿಡಿದರೆ ಚಕ್ಕೆ ಕೈಗೇ ಬರುತ್ತದೆ. ಬದಾಮಿಯ ಮರಳುಗಲ್ಲಿಗೂ ಒಂದು ಗುಣವಿದೆ: ಮಳೆ ಬಂದು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಪೂರ್ತಿ ಒಣಗುವವರೆಗೆ ಹತ್ತಬಾರದು.

ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿಗಳ ಅಭಯಾರಣ್ಯ. ನಾಲ್ಕು ಕೊಂಬಿನ ಆ ಸಣ್ಣ ಜೀವಿಗೆಂದೇ ಮೀಸಲಾದ ಕಾಡು. ಅಲ್ಲಿ ಕರಡಿಗಳೂ ಇವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಚನ್ನಗಿರಿಯ ಕೋಟೆ, ಚಿತ್ರದುರ್ಗದ ಕೋಟೆ ನಮ್ಮ ಹಿರಿಯರು ಕಟ್ಟಿದ್ದು, ಅದರ ಗೋಡೆಗೆ ಮೊಳೆ ಹೊಡೆಯುವ ಮಾತೇ ಬೇಡ. ತೀರ್ಥರಾಮೇಶ್ವರದಂಥ ಕಡೆ ದೇವರ ಗುಡ್ಡವನ್ನು ಕಾಲಲ್ಲಿ ಒದ್ದು ಏರುತ್ತೇವೆ ಅಂದರೆ ಜನ ಸುಮ್ಮನಿರುವುದಿಲ್ಲ, ಇರಬೇಕಾಗೂ ಇಲ್ಲ.

ಎಲ್ಲಕ್ಕಿಂತ ಅಪಾಯ ಹಳೆಯ ಕ್ವಾರಿ. ರೀಲ್ಸ್ ಮಾಡುವವರಿಗೆ ಅದೇ ಇಷ್ಟ, ನೇರ ಗೋಡೆ, ಕೆಳಗೆ ನೀಲಿ ನೀರು. ಸಿಡಿಮದ್ದು ಇಟ್ಟು ಒಡೆದ ಕಲ್ಲಿನ ಒಳಗೆಲ್ಲ ಬಿರುಕು ಓಡಿರುತ್ತದೆ. ಹೊರಗಿನಿಂದ ಗಟ್ಟಿ ಕಾಣುವ ತುಂಡು ಒಬ್ಬರ ಭಾರಕ್ಕೆ ಕಿತ್ತು ಬರಬಹುದು. ಇನ್ನು ದೊಡ್ಡ ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಅವತ್ತು ಹತ್ತುವುದು ಬೇಡ, ಮಾತಾಡದೆ ವಾಪಸ್ ಬರಬೇಕು. ಹಗ್ಗದಲ್ಲಿ ನೇತಾಡುವವರು ಓಡುವುದೆಲ್ಲಿಗೆ?

ಹುಡುಗರು ಬಿಡುವುದಿಲ್ಲ. ಫೋನಲ್ಲಿ ಅಮೆರಿಕದವನ ವಿಡಿಯೋ ತೋರಿಸುತ್ತಾರೆ. ಅಲೆಕ್ಸ್ ಹೊನಾಲ್ಡ್ 2017ರಲ್ಲಿ ಎಲ್ ಕ್ಯಾಪಿಟನ್ ಎಂಬ 3,000 ಅಡಿಯ ಗೋಡೆಯನ್ನು ಹಗ್ಗವಿಲ್ಲದೆ ಹತ್ತಿದ್ದು ನಿಜ. ಅದಕ್ಕೆ ಮೊದಲು ವರ್ಷಕ್ಕೂ ಹೆಚ್ಚು ಕಾಲ ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಯಾವ ಬಿರುಕಿಗೆ ಯಾವ ಬೆರಳು ಅಂತ ಬಾಯಿಪಾಠ ಮಾಡಿದ್ದರು. ಅದು ರೀಲ್ಸಿನಲ್ಲಿ ಬರುವುದಿಲ್ಲ. ನಮ್ಮ ಜ್ಯೋತಿರಾಜ್ ಅವರೇ 2018ರಲ್ಲಿ ಜೋಗದ ಗುಂಡಿಗೆ ಒಬ್ಬರ ಹುಡುಕಾಟಕ್ಕೆ ಇಳಿದು ತಾವೇ ಕಾಣೆಯಾಗಿ, ಮರುದಿನ ಸಿಕ್ಕಾಗ ರಾಜ್ಯವೇ ಉಸಿರು ಬಿಟ್ಟಿತ್ತು. ಅವರ ವಿದ್ಯೆಗೆ ಕೈ ಮುಗಿಯೋಣ. ಆದರೆ ಅದು ಹೊಸಬರ ಪಾಠವಲ್ಲ.

ಹೊಸಬರಿಗೆ ನಾವು ಹೇಳುವ ಹೆಸರು ಮಣಿಕಂಡನ್ ಕುಮಾರ್. ಬೆಂಗಳೂರಿನವರು, ಪೋಲಿಯೋದಿಂದ ಒಂದು ಕಾಲಿನ ಬಲ ಹೋಗಿದೆ. ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲಿ ಹಗ್ಗ ಕಟ್ಟಿಕೊಂಡು ಕಲಿತು, 2012ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಪ್ಯಾರಾ ಕ್ಲೈಂಬಿಂಗ್ ಸ್ಪರ್ಧೆಯ ವೇಗದ ವಿಭಾಗದಲ್ಲಿ ಚಿನ್ನ ಗೆದ್ದರು. ಈ ಆಟ ಟೋಕಿಯೋದಿಂದ ಒಲಿಂಪಿಕ್ಸ್‌ನಲ್ಲೂ ಇದೆ. 15 ಮೀಟರ್ ಗೋಡೆಯನ್ನು 5 ಸೆಕೆಂಡಿಗೂ ಮೊದಲೇ ಮುಟ್ಟುವವರಿದ್ದಾರೆ, ಅವರ ಸೊಂಟದಲ್ಲೂ ಹಗ್ಗ ಇರುತ್ತದೆ. ಅಜ್ಜನಿಗೆ ಆ ವಿಡಿಯೋ ತೋರಿಸಿದೆವು. "ಇವ್ನಿಗೂ ಹಗ್ಗ ಬೇಕಾತಾ?" ಅಂತ ಎರಡು ಸಲ ನೋಡಿದರು.

ಖರ್ಚಿನ ವಿಷಯ ಕೇಳುವವರು ಬಹಳ. ಹಗ್ಗ, ಕೊಂಡಿ, ಬೋಲ್ಟು ಕಲಿಸುವವರ ಹತ್ತಿರ ಇರುತ್ತವೆ, ಹೊಸಬರು ಕೊಳ್ಳುವುದೇನೂ ಬೇಡ. ಸಡಿಲವಾದ ಪ್ಯಾಂಟು, ಕತ್ತರಿಸಿದ ಉಗುರು, ಹೊಟ್ಟೆಗೆ ಅರ್ಧ ಊಟ ಸಾಕು. ಉಂಗುರ ಕಡ್ಡಾಯವಾಗಿ ತೆಗೆದಿಡಿ, ಬಿರುಕಿನಲ್ಲಿ ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹತ್ತು ಗಂಟೆಗೇ ಬಂಡೆ ಕಾದ ಹೆಂಚಾಗಿರುತ್ತದೆ. ಕಲಿಸುವವರನ್ನು ಆರಿಸುವಾಗ ಒಂದು ಪರೀಕ್ಷೆ ಇದೆ: ನೀವು ಹತ್ತುವ ಮೊದಲು ನಿಮ್ಮ ಗಂಟನ್ನು ಅವರು ಕೈಯಿಂದ ಮುಟ್ಟಿ ನೋಡುತ್ತಾರಾ? ನೋಡದಿದ್ದರೆ ಮನೆಗೆ ಬನ್ನಿ.

ಹುಡುಗಿಯರ ಮನೆಯಲ್ಲಿ ಒಪ್ಪಿಸುವುದು ಬಂಡೆಗಿಂತ ಕಷ್ಟವಾಗಿತ್ತು. ಜಗಳೂರಿನ ಅವಳ ಅವ್ವನಿಗೆ ಎತ್ತರದ ಭಯಕ್ಕಿಂತ, ಪ್ಯಾಂಟು ಹಾಕಿ ಗುಡ್ಡ ಹತ್ತಿದ ಫೋಟೊ ನೆಂಟರ ಗ್ರೂಪಿಗೆ ಬಂದರೆ ಅನ್ನುವ ಭಯ. ಕಳೆದ ಸಲ ಅವ್ವನನ್ನೇ ಬದಾಮಿಗೆ ಕರೆದುಕೊಂಡು ಹೋದೆವು. ಬನಶಂಕರಿಗೆ ಹಣ್ಣುಕಾಯಿ ಮಾಡಿಸಿ, ಬಂಡೆಯ ಕೆಳಗೆ ಚಾಪೆ ಹಾಸಿ ಕೂತಿದ್ದರು. ಮಗಳು ಮೇಲಿದ್ದಾಗ ಅವರು ಮಗಳನ್ನು ನೋಡಲೇ ಇಲ್ಲ, ಹಗ್ಗ ಹಿಡಿದ ನ್ಯಾಮತಿಯವನ ಕೈಯನ್ನೇ ನೋಡುತ್ತಿದ್ದರು. ಅವನ ಜೇಬಲ್ಲಿ ಫೋನು ಬಡಿದುಕೊಂಡಿತು. ಅವನು ಅಲುಗಾಡುವ ಮೊದಲೇ ಅವ್ವ, "ಬಿಟ್ಟೀಯಾ ಮತ್ತೆ!" ಅಂದರು.

ಅವನು ಬಿಡಲಿಲ್ಲ. ಈ ಡಿಸೆಂಬರಿಗೂ ಅವ್ವ ಬರುತ್ತಾರಂತೆ.